ಎಲೆಗೆ ಕೊಟ್ಟ ನೀರು

ಕನಕಪುರದಿಂದ ಸುಮನಾ ಮಾಗಡಿಯ ಮನೆಗೆ ವಾಪಸು ಬಂದಾಗ ಮಧ್ಯಾಹ್ನವಾಗಿತ್ತು. ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ, ಪಟ್ಟಿ ಬಿಚ್ಚಿ, "ಗೋಡೆ ಮೇಲಿನ ಹಲ್ಲೀನೂ ಕಾಣ್ತಿದೆ ಕಣೇ" ಎಂದು ಅಮ್ಮ ನಕ್ಕ ಮೇಲೇ ಅವಳು ಅಲ್ಲಿಂದ ಹೊರಟಿದ್ದಳು. ಬ್ಯಾಗನ್ನು ಬಾಗಿಲಲ್ಲೇ ಇಟ್ಟು ಸೀದಾ ಮಹಡಿ ಹತ್ತಿದಳು. ಏಪ್ರಿಲ್ ಬಿಸಿಲಿನಲ್ಲಿ ಒಂದು ಹೊತ್ತು ನೀರು ತಪ್ಪಿದರೂ ತಟ್ಟೆಯಲ್ಲಿ ಬೆಳೆಸಿದ ಬೋನ್ಸಾಯ್ ಮರಗಳು ಸೊರಗಿಬಿಡುತ್ತವೆ.

ಅವಳೇ ಬೆಳೆಸಿದ ಆಲ ಇತ್ತು, ಅತ್ತಿ ಇತ್ತು, ಬಸರಿ ಇತ್ತು. ಹುಣಸೆ ಇರಲಿಲ್ಲ. ಅದರ ಮಣ್ಣಿನ ತಟ್ಟೆಯನ್ನು ಯಾರೋ ಚೊಕ್ಕವಾಗಿ ತೊಳೆದು, ಊಟದ ತಟ್ಟೆಯ ಹಾಗೆ ಗೋಡೆಗೆ ಒರಗಿಸಿದ್ದರು.

ಆ ಹುಣಸೆ ಅವಳ ಅಪ್ಪ ಅನಂತರಾಜು ಬೀಜ ಹಾಕಿ ಬೆಳೆಸಿದ್ದು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಅವರು ಮಕ್ಕಳಿಗೆ ಮರದ ಚಿತ್ರ ಬರೆಯುವುದನ್ನು ಕಲಿಸುತ್ತಾ ಕಲಿಸುತ್ತಾ ತಾವೇ ಚಿಕ್ಕ ಮರಗಳನ್ನು ಬೆಳೆಸುವ ಹುಚ್ಚು ಹಿಡಿಸಿಕೊಂಡಿದ್ದರು. ಸುಮನಾ ಲಂಗ ತೊಟ್ಟು ಓಡಾಡುತ್ತಿದ್ದ ಕಾಲದಿಂದಲೂ ಇದ್ದ ಮರ ಅದು. ಒಂದು ಮೊಳದಷ್ಟು ಎತ್ತರ, ಆದರೆ ಬುಡ ನೋಡಿದರೆ ಊರಬಾಗಿಲಿನ ಹಳೇ ಹುಣಸೆಯ ಹಾಗೆ ಗಂಟುಗಂಟು. ಅಪ್ಪ ತೀರಿಕೊಂಡ ಮೇಲೆ ಉಳಿದ ಮರಗಳು ಅವರಿವರ ಪಾಲಾದವು. ಹುಣಸೆಯನ್ನು ಸುಮನಾ ಯಾರಿಗೂ ಕೊಟ್ಟಿರಲಿಲ್ಲ.

ಅವಳ ಗಂಡ ದೇವರಾಜ್ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವವನು. ಊಟಕ್ಕೆ ಬಂದವನನ್ನು ಕೇಳಿದರೆ ತಲೆ ಕೆರೆದುಕೊಂಡ.

"ಅವ್ವ ಊರಿಗೆ ಹೋಗ್ವಾಗ ಹಳೇ ಸೀರೇಲಿ ಸುತ್ಕೊಂಡು ಏನೋ ಎತ್ಕೊಂಡ್ಳು. ಮಗೂ ಬಟ್ಟೆ ಇರ್ಬೇಕು ಅನ್ಕೊಂಡೆ. ನಂಗೆಂಗ್ ಗೊತ್ತಾಗ್ತದೆ?"

ಅತ್ತೆ ದೊಡ್ಡಲಕ್ಷ್ಮಮ್ಮ ಕೂಟಗಲ್ಲಿನಲ್ಲಿ ಹಿರಿಯ ಮಗನ ಸಂಸಾರದ ಜೊತೆ ಇದ್ದರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಎರಡು ಹಸು ಎಂದು ಬೆಳಗಿನಿಂದ ಸಂಜೆಯವರೆಗೂ ನಡ ಬಗ್ಗಿಸಿಯೇ ಇರುವ ಹೆಂಗಸು. ಸುಮನಾ ಕನಕಪುರಕ್ಕೆ ಹೋದಾಗ ಮೊಮ್ಮಗಳು ಸಿರಿಯನ್ನು ನೋಡಿಕೊಳ್ಳಲು ಮಾಗಡಿಗೆ ಬಂದಿದ್ದರು. ಸ್ಕೂಲಿಗೆ ಬೇಸಿಗೆ ರಜೆ ಬಿಟ್ಟದ್ದೇ ಸಿರಿಯನ್ನೂ ಕರೆದುಕೊಂಡು ಊರಿಗೆ ಹೋಗಿದ್ದರು. ಜೊತೆಗೆ ಹುಣಸೆಯನ್ನೂ ಯಾಕೆ ಒಯ್ದರು ಎಂದು ಸುಮನಾ ಯೋಚಿಸಬೇಕಾಗಿರಲಿಲ್ಲ. ಆ ಮರಗಳನ್ನು ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. "ಬೆಳಿಯೋ ಮರದ ಕೈಕಾಲು ಕತ್ತರಿಸಿ ಮನೇಲಿ ಇಟ್ಕಂಡ್ರೆ ಮಕ್ಕಳು ಎಂಗವ್ವಾ ಬೆಳೀತವೆ?" ಎಂದು ಬಂದಾಗಲೆಲ್ಲ ಹೇಳುತ್ತಿದ್ದರು. ಸಿರಿ ತನ್ನ ವಯಸ್ಸಿನ ಮಕ್ಕಳಿಗಿಂತ ಒಂದಿಷ್ಟು ಗಿಡ್ಡಗಿದ್ದಳು. ಸುಮನಾ ಮೊದಮೊದಲು ಉತ್ತರ ಕೊಡುತ್ತಿದ್ದಳು. ಆಮೇಲೆ ಅತ್ತೆ ಮಾತು ತೆಗೆದ ಕೂಡಲೇ ಹೊಲಿಗೆ ಮಿಷನ್ನು ತುಳಿಯಲು ಶುರು ಮಾಡುತ್ತಿದ್ದಳು.

ಅವಳು ಊಟಕ್ಕೂ ಕೂರದೆ ರಾಮನಗರದ ಬಸ್ಸು ಹತ್ತಿದಳು.

ಕೂಟಗಲ್ಲಿನ ತೋಟದ ಬದುವಿನಲ್ಲಿ, ಪೂರ್ತಿ ಬಿಸಿಲಿಗೆ, ಹುಣಸೆ ನೆಟ್ಟಿತ್ತು. ಸುತ್ತ ಪಾತಿ ಮಾಡಿ ಕೆಸರಾಗುವಷ್ಟು ನೀರು ಹುಯ್ದಿದ್ದರು. ಹುಣಸೆ ಎಲೆ ಸಂಜೆಗೆ ಮುಚ್ಚಿಕೊಂಡು ಬೆಳಿಗ್ಗೆ ಬಿಚ್ಚಿಕೊಳ್ಳುವುದು ಸಹಜ. ಇದು ಹಾಡಹಗಲೇ ಮುಚ್ಚಿಕೊಂಡಿತ್ತು. ಕೆಲವು ರೆಂಬೆಗಳ ಎಲೆ ಆಗಲೇ ಹುರಿದ ಹಾಗೆ ಕಂದಾಗಿತ್ತು. ಪಕ್ಕದಲ್ಲಿ ಬಿದ್ದಿದ್ದ ಬೇರಿನ ತುಂಡುಗಳನ್ನು ಸುಮನಾ ಒಂದೊಂದಾಗಿ ಎತ್ತಿ ನೋಡಿದಳು. ತಟ್ಟೆಯಲ್ಲಿ ಸುರುಳಿ ಸುತ್ತಿದ್ದ ಬೇರನ್ನು ಬಿಡಿಸಲು ಅತ್ತೆ ಎಳೆದು ಹರಿದಿದ್ದರು.

ದೊಡ್ಡಲಕ್ಷ್ಮಮ್ಮ ಸೊಪ್ಪಿನ ಹೊರೆ ಇಳಿಸಿ ಹತ್ತಿರ ಬಂದರು. ಸಿರಿ ಅಜ್ಜಿಯ ಹಿಂದೆ ನಿಂತಳು.

"ಯಾಕತ್ತೆ ಹಿಂಗೆ ಮಾಡಿದ್ರಿ? ನಮ್ಮಪ್ಪನ ಮರ ಇದು. ನಮ್ಮಪ್ಪಂದು ಅಂತ ನನ್ನತ್ರ ಉಳಿದಿರೋದೇ ಇದು."

"ಸಾಯಿಸೋಕೆ ನೆಟ್ನಾ ನಾನು? ನೆಲಕ್ಕಾಕಿದ್ರೆ ಬೆಳೀತದೆ, ಮಗೀನೂ ಬೆಳೀತದೆ ಅಂತ ನೆಟ್ಟೆ." ಅತ್ತೆಯ ದನಿ ಗಟ್ಟಿಯಾಗಿಯೇ ಇತ್ತು, ಆದರೆ ಕಣ್ಣು ಮರದ ಕಡೆ ಹೋಗುತ್ತಿರಲಿಲ್ಲ. "ಬಿಸಿಲಿಗೆ ಒಸಿ ಬಾಡೈತೆ. ನೀರು ಹುಯ್ತಾನೆ ಇವ್ನಿ, ಯಾಕೋ ಏಳ್ತಿಲ್ಲ."

"ಏಳಲ್ಲ. ಸತ್ತೋಯ್ತದೆ. ನಿಮಗೆ ಸಮಾಧಾನ ಆಯ್ತಾ?"

"ಅಂಗನ್ಬ್ಯಾಡ ಕಣವ್ವಾ." ದೊಡ್ಡಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನಿನ್ ಮಗೀಗಿಂತ ನಮ್ ದೊಡ್ಡೋನ್ ಮಗಳು ಭಾನುಪ್ರಿಯ ಒಂದೊರ್ಸಕ್ಕೆ ಚಿಕ್ಕೋಳು. ಇಬ್ರನ್ನೂ ಪಕ್ಕದಾಗ್ ನಿಲ್ಲಿಸ್ ನೋಡು. ನಾನ್ ಹೇಳಿದ್ರೆ ನೀನ್ ಕೇಳಾಕಿಲ್ಲ."

ಸುಮನಾ ಆ ಮಾತಿಗೆ ಕಿವಿ ಕೊಡಲಿಲ್ಲ. ಫೋನು ತೆಗೆದು ಇದ್ರೀಸ್ ಸಾಹೇಬರಿಗೆ ಹಚ್ಚಿದಳು. ರಾಮನಗರದ ರಸ್ತೆಯಲ್ಲಿ ನರ್ಸರಿ ಇಟ್ಟಿದ್ದ ಅವರು ಅಪ್ಪನಿಗೆ ಬಹಳ ಹಳೆಯ ಸ್ನೇಹಿತರು. ಇಬ್ಬರೂ ಕೂತು ರೆಂಬೆ ಬಾಗಿಸಲು ಗಿಡಗಳಿಗೆ ತಂತಿ ಸುತ್ತುತ್ತಾ ಇಡೀ ಭಾನುವಾರ ಕಳೆಯುತ್ತಿದ್ದರು. ಅವಳು ಎಲ್ಲವನ್ನೂ ಹೇಳಿದಳು. ಅತ್ತೆಗೂ ಕೇಳಲಿ ಎಂದು ಫೋನನ್ನು ಬದುವಿನ ಮೇಲಿಟ್ಟು ಸ್ಪೀಕರ್ ಹಾಕಿದಳು.

"ಮೊದಲು ಒಂದು ಮಾತು ಹೇಳ್ತೀನಿ ಕೇಳಮ್ಮ," ಎಂದರು ಇದ್ರೀಸ್. "ಅದನ್ನ ಮತ್ತೆ ಕೀಳಬೇಡ. ಎರಡನೇ ಸಲ ಕಿತ್ರೆ ಖಂಡಿತ ಹೋಗುತ್ತೆ. ಎಲ್ಲಿದೆಯೋ ಅಲ್ಲೇ ಇರ್ಲಿ. ನೆರಳು ಮಾಡಿ. ಬುಡಕ್ಕೆ ನೀರು ನಿಲ್ಸಿ."

"ನೀರು ನಿಲ್ಸಾದಾ?" ದೊಡ್ಡಲಕ್ಷ್ಮಮ್ಮ ಫೋನಿನತ್ತ ಬಗ್ಗಿದರು. "ಅಷ್ಟು ನೀರ್ ಹುಯ್ದ್ರೂ ಬಾಡ್ತೈತಲ್ಲಪ್ಪಾ!"

"ಬೇರು ಹರಿದಿದೆಯಲ್ಲಮ್ಮ, ಅದು ಕುಡಿಯೋದು ಹೇಗೆ? ಹುಯ್ದಷ್ಟೂ ಕೊಳೆಯುತ್ತೆ. ಈಗ ಆ ಮರಕ್ಕೆ ಬಾಯಿ ಅಂತ ಇರೋದು ಎಲೆ ಒಂದೇ. ಎಲೆಗೆ ಕೊಡಿ. ಎಲೆಯ ಅಡಿಗಡೆ ಕಣ್ಣಿಗೆ ಕಾಣದಂಥ ತೂತುಗಳಿರ್ತವೆ. ಮಂಜು ಬಿದ್ದಂಗೆ ನೀರು ಬೀಳಬೇಕು, ಮೇಲೂ, ಕೆಳಗೂ. ಬೆಳಿಗ್ಗೆ ಬಿಸಿಲೇರೋ ಮುಂಚೆ ಒಂದ್ಸಲ ಚೆನ್ನಾಗಿ. ಆಮೇಲೆ ಎಲೆ ಒಣಗಿದಾಗೆಲ್ಲ ಒಂದೊಂದು ಸಲ. ಹೊಸ ಬೇರು ಬಿಡೋವರೆಗೂ ಹಂಗೇ ಕಾಪಾಡಬೇಕು."

"ಗೊಬ್ರ?"

"ಮಣ್ಣಿಗೆ ಒಂದು ಚಿಟಿಕೇನೂ ಬೇಡ. ಕಡಲ ಪಾಚಿಯ ಸಾರ ಅಂತ ಒಂದು ಬಾಟ್ಲಿ ಕಳಿಸ್ತೀನಿ. ಬಾಟ್ಲಿ ಮೇಲೆ ಬರೆದಿರೋದಕ್ಕಿಂತ ಬಹಳ ತೆಳ್ಳಗೆ ಮಾಡಿ, ಹಾಲಿಲ್ಲದ ಟೀ ಥರ ಬಣ್ಣ ಬರಬೇಕು ಅಷ್ಟೇ, ವಾರಕ್ಕೊಂದ್ಸಲ ಎಲೆಗೇ ಸಿಂಪಡಿಸಿ. ಜಾಸ್ತಿಯಾದ್ರೆ ಎಲೆ ಸುಟ್ಟುಹೋಗುತ್ತೆ. ಔಷಧಿ ಹೊಡೆಯೋ ಪಂಪು ಮುಟ್ಟಬೇಡಿ. ಬೋರ್ ನೀರೂ ಬೇಡ, ಉಪ್ಪು ಕೂತು ಎಲೆ ಮೇಲೆ ಬಿಳೀ ಕರೆ ಕಟ್ಟುತ್ತೆ."

"ಉಳಿಯುತ್ತಾ ಅಂಕಲ್?" ಎಂದು ಕೇಳಿದಳು ಸುಮನಾ.

"ರೆಂಬೆಯನ್ನ ಉಗುರಲ್ಲಿ ಕೆರೆದು ನೋಡು," ಎಂದರು ಇದ್ರೀಸ್. ಅವಳು ಕೆರೆದಳು. ಸಿಪ್ಪೆಯ ಕೆಳಗೆ ಹಸಿರಿತ್ತು. "ಹಂಗಾದ್ರೆ ಕೈ ಬಿಡಬೇಡ."

ಆ ಸಂಜೆ ಮೂವರೂ ಸೇರಿ ನಾಲ್ಕು ಗೂಟ ನೆಟ್ಟು ತೆಂಗಿನ ಗರಿಯ ಚಪ್ಪರ ಹಾಕಿದರು. ಬಿಸಿಗಾಳಿ ಬರುವ ಕಡೆಗೆ ಒದ್ದೆ ಗೋಣಿಚೀಲ ಕಟ್ಟಿದರು. ಪಾತಿಯ ನೀರು ಹರಿದುಹೋಗಲು ದೊಡ್ಡಲಕ್ಷ್ಮಮ್ಮ ತಾವೇ ಕಾಲುವೆ ತೋಡಿದರು. ಮಿಷನ್ನು, ಗಿರಾಕಿಗಳು ಎಲ್ಲ ಮಾಗಡಿಯಲ್ಲಿ ಇದ್ದದ್ದರಿಂದ ಸುಮನಾ ವಾಪಸು ಹೋಗಲೇಬೇಕಿತ್ತು. ಮರ ಕಿತ್ತವರ ಕೈಗೇ ಮರವನ್ನು ಬಿಟ್ಟು ಹೋಗುವುದು ಅವಳಿಗೆ ನುಂಗಲಾರದ ತುತ್ತಾಗಿತ್ತು. ರಜೆ ಮುಗಿಯುವವರೆಗೆ ಸಿರಿಯನ್ನು ಅಲ್ಲೇ ಬಿಟ್ಟು, ಅತ್ತೆ ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದಳು. ಮರುದಿನ ದೇವರಾಜನ ಕೈಯಲ್ಲಿ ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ತನ್ನ ಸ್ಪ್ರೇ ಬಾಟ್ಲಿಯನ್ನೂ, ಇದ್ರೀಸ್ ಕಳಿಸಿದ ಸಾರವನ್ನೂ ಕೊಟ್ಟು ಕಳಿಸಿದಳು.

ಆಮೇಲೆ ಸುದ್ದಿಯೆಲ್ಲ ದೇವರಾಜನ ಮೂಲಕವೇ. ಅತ್ತೆ ಮಗನಿಗೆ ಫೋನು ಮಾಡುತ್ತಿದ್ದರು, ಅವನು ಊಟಕ್ಕೆ ಕೂತಾಗ ಹೇಳುತ್ತಿದ್ದ. "ಇವತ್ತು ಎಲೆ ಉದುರ್ತಂತೆ." "ಇವತ್ತೂ ಉದುರ್ತಂತೆ." ಒಂದು ದಿನ ನಗುತ್ತಾ ಬಂದ. ಊರಿನ ಫಿಲ್ಟರ್ ನೀರು ಸಪ್ಪೆ ಎಂದು ಒಂದು ದಿನವೂ ಬಾಯಿಗೆ ಹಾಕದ ಅವ್ವ, ಮರಕ್ಕೋಸ್ಕರ ಕ್ಯಾನು ಹಿಡಿದು ಘಟಕದ ಮುಂದೆ ಸಾಲಿನಲ್ಲಿ ನಿಲ್ಲುತ್ತಿದ್ದಾಳಂತೆ. ಸೊಪ್ಪು ಕೊಯ್ಯಲು ಹೋಗುವಾಗ ಒಂದು ಸಲ, ಹಸುವಿಗೆ ನೀರು ಕುಡಿಸುವಾಗ ಒಂದು ಸಲ, ಬಗ್ಗಿ ಎಲೆಯ ಅಡಿಗೆ ಸಿಂಪಡಿಸಿ ಬರುತ್ತಾಳಂತೆ. ಸುಮನಾ ನಗಲಿಲ್ಲ, ಆದರೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗದೆ ಸ್ವಲ್ಪ ಹೊತ್ತು ನಿಂತಿತು.

ಮೇ ತಿಂಗಳಿಗೆ ಯೂನಿಫಾರ್ಮಿನ ಹೊಲಿಗೆ ಶುರುವಾಯಿತು. ಅರ್ಧ ಮಾಗಡಿಯ ಮಕ್ಕಳು ಅವಳ ಮುಂದಿನ ಕೋಣೆಗೆ ಬಂದು ಟೇಪಿಗೆ ನಿಲ್ಲುತ್ತಿದ್ದರು. "ಹೋದ ವರ್ಷದ್ದು ಮೊಣಕಾಲಿಗೆ ಬಂದುಬಿಟ್ಟಿದೆ ನೋಡಿ," ಎಂದು ತಾಯಂದಿರು ದೂರುತ್ತಿದ್ದರು. ಬಟ್ಟೆ ಹಾಳಾಗದಿರಲಿ ಎಂದು ಸುಮನಾ ಪ್ರತಿಯೊಂದು ಲಂಗದ ಅಂಚಿನಲ್ಲೂ ಅಗಲವಾಗಿ ಮಡಿಕೆ ಬಿಟ್ಟು ಹೊಲಿಯುತ್ತಿದ್ದಳು. ಮಗು ಬೆಳೆದ ಹಾಗೆ ಮಡಿಕೆ ಬಿಚ್ಚಿದರೆ ಆಯಿತು.

ಒಂದು ದಿನ ಗಿರಾಕಿಗಳು ಕಡಿಮೆಯಿದ್ದಾಗ ಸಿರಿಯ ಲಂಗ ನೆನಪಾಯಿತು. ಪೆಟ್ಟಿಗೆಯಿಂದ ತೆಗೆದು, ಬ್ಲೇಡು ಹಿಡಿದು ಮಡಿಕೆ ಬಿಚ್ಚಲು ಕೂತಳು. ಅಂಚು ತಿರುಗಿಸಿ ನೋಡಿದಳು. ಆ ದಾರ ಅವಳು ಮೊದಲ ಸಲ ಹಾಕಿದ ದಾರವೇ ಆಗಿತ್ತು. ಹೋದ ವರ್ಷ ಬಿಚ್ಚಿರಲಿಲ್ಲ. ಅದರ ಹಿಂದಿನ ವರ್ಷ ಹೊಲಿದ ಲಂಗ ಅದು. ಎರಡು ವರ್ಷದಿಂದ ಮಗಳು ಅದೇ ಲಂಗ ತೊಟ್ಟಿದ್ದಳು, ಅದು ಸರಿಯಾಗಿಯೇ ಆಗುತ್ತಿತ್ತು. ಕೆಲಸದ ನಡುವೆ ಸುಮನಾಳಿಗೆ ಅದೊಂದು ತಾಪತ್ರಯ ಕಡಿಮೆ ಎನಿಸಿತ್ತೇ ಹೊರತು, ಯಾಕೆ ಎಂದು ಹೊಳೆದಿರಲಿಲ್ಲ.

ಊರವರ ಮಕ್ಕಳನ್ನೆಲ್ಲ ಅಳೆದ ಟೇಪು ಕೊರಳಲ್ಲೇ ಇತ್ತು. ಅವಳು ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ಬೇರೆ ವಿಷಯಗಳೂ ಒಂದೊಂದಾಗಿ ನೆನಪಿಗೆ ಬಂದವು. ಸಿರಿ ಇತ್ತೀಚೆಗೆ ಆಟಕ್ಕೆ ಹೋಗುತ್ತಿರಲಿಲ್ಲ. ಸೆಕೆಯಲ್ಲೂ ಹೊದ್ದುಕೊಂಡು ಮಲಗುತ್ತಿದ್ದಳು. "ಕ್ಲಾಸಲ್ಲಿ ತೂಕಡಿಸ್ತಾಳೆ" ಎಂದು ಟೀಚರು ಹೇಳಿದ್ದನ್ನು ಮೊಬೈಲ್ ನೋಡುವ ಚಟ ಎಂದು ಬೈದು ಮುಗಿಸಿದ್ದಳು. ಅತ್ತೆ ಬಂದಾಗಲೆಲ್ಲ ಮಗು ಬೆಳೆಯುತ್ತಿಲ್ಲ ಎಂದೇ ಹೇಳಿದ್ದರು. ಸುಮನಾಳ ಕಿವಿಗೆ ಬಿದ್ದದ್ದು ಮರದ ಮಾತು ಮಾತ್ರ.

ಮರುದಿನ ಬೆಳಿಗ್ಗೆಯೇ ಕೂಟಗಲ್ಲಿಗೆ ಹೋದಳು. ದೊಡ್ಡಲಕ್ಷ್ಮಮ್ಮ ಚಪ್ಪರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಒಂದು ರೆಂಬೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೆಳಗಿನಿಂದ ಸಿಂಪಡಿಸುತ್ತಿದ್ದರು. ಅರ್ಧಕ್ಕರ್ಧ ಎಲೆ ಉದುರಿತ್ತು. ಉಳಿದವು ಬಿಚ್ಚಿಕೊಂಡು ಮುತ್ತಿನಂಥ ಹನಿ ಹೊತ್ತಿದ್ದವು.

ಸೊಸೆಯನ್ನು ಕಂಡು ಅತ್ತೆ ಗಾಬರಿಯಾದರು. "ನಾನ್ ಒಂದೊತ್ತೂ ತಪ್ಸಿಲ್ಲ ಕಣವ್ವಾ. ಅವು ತಾವೇ ಉದುರೋದ್ವು."

"ಮರದ ವಿಷಯ ಅಲ್ಲ ಅತ್ತೆ." ಸುಮನಾ ಅವರ ಪಕ್ಕದಲ್ಲೇ ನೆಲಕ್ಕೆ ಕೂತಳು. "ನೀವು ಹೇಳಿದ್ದು ನಿಜ. ಸಿರಿ ಬೆಳೆದೇ ಇಲ್ಲ. ನಾನು ನೋಡ್ಲಿಲ್ಲ."

'ಹೇಳಿರಲಿಲ್ವಾ ನಾನು' ಎನ್ನುತ್ತಾರೆ ಎಂದು ಕಾದಳು. ದೊಡ್ಡಲಕ್ಷ್ಮಮ್ಮ ಹಾಗೆನ್ನಲಿಲ್ಲ. ಬಾಟ್ಲಿಯನ್ನು ಕೆಳಗಿಟ್ಟು ಸೊಸೆಯ ಮುಖವನ್ನೇ ನೋಡಿದರು. ತಾವು ಹೇಳಿದ್ದು ಸುಳ್ಳಾಗಲಿ ಎಂದೇ ಅವರು ಇಷ್ಟು ದಿನ ಆಸೆಪಟ್ಟಿದ್ದರೇನೋ.

"ಏನಾಗೈತೆ ಮಗೀಗೆ?"

"ಗೊತ್ತಿಲ್ಲ. ಡಾಕ್ಟ್ರ ಹತ್ರ ಹೋಗೋಣ."

"ತಡಿ, ಸೀರೆ ಉಟ್ಕಂಡ್ ಬತ್ತೀನಿ."

ರಾಮನಗರದಲ್ಲಿ ಮಕ್ಕಳ ಡಾಕ್ಟರು ಒಬ್ಬ ವಯಸ್ಸಾದ ಹೆಂಗಸು. ಸಿರಿಯನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು, ಕತ್ತನ್ನು ಮುಟ್ಟಿ ನೋಡಿದರು, ಒರಟಾಗಿದ್ದ ಚರ್ಮವನ್ನು ಸವರಿದರು, ರಕ್ತ ಪರೀಕ್ಷೆಗೆ ಬರೆದರು. ರಿಪೋರ್ಟು ಬಂದ ದಿನವೂ ಮೂವರೂ ಹೋದರು.

"ಥೈರಾಯ್ಡ್," ಎಂದರು ಡಾಕ್ಟರು. "ಕತ್ತಿನಲ್ಲಿರೋ ಒಂದು ಗ್ರಂಥಿ ಸರಿಯಾಗಿ ಕೆಲಸ ಮಾಡ್ತಿಲ್ಲ. ಅದಕ್ಕೇ ಬೆಳವಣಿಗೆ ನಿಂತಿದೆ, ಸುಸ್ತು, ನಿದ್ದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಸಣ್ಣ ಮಾತ್ರೆ. ತಪ್ಪಿಸಬಾರದು. ಇನ್ನೂ ವಯಸ್ಸಿದೆ, ಬೆಳೀತಾಳೆ."

ದೊಡ್ಡಲಕ್ಷ್ಮಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಡಾಕ್ಟ್ರಮ್ಮಾ, ಒಂದ್ ಮಾತ್ ಕೇಳ್ತೀನಿ, ನಗಬ್ಯಾಡಿ. ಮನೇಲಿ ಕುಳ್ ಮರ ಬೆಳೆಸಿದ್ರೆ ಇಂಗಾಯ್ತದಾ?"

ಡಾಕ್ಟರು ನಗಲಿಲ್ಲ. "ಇಲ್ಲಮ್ಮ. ಮರಕ್ಕೂ ಇದಕ್ಕೂ ಸಂಬಂಧ ಇಲ್ಲ. ಮಗು ಬೆಳೀತಿಲ್ಲ ಅಂತ ಮೊದಲು ನೋಡಿದ್ದು ಯಾರು?"

"ಅತ್ತೆ," ಎಂದಳು ಸುಮನಾ.

ವಾಪಸು ಬರುವ ಬಸ್ಸಿನಲ್ಲಿ ಸಿರಿ ಕಿಟಕಿಗೆ ಒರಗಿ ನಿದ್ದೆ ಹೋದಳು. ದೊಡ್ಡಲಕ್ಷ್ಮಮ್ಮ ತಮ್ಮಷ್ಟಕ್ಕೇ ಎಂಬಂತೆ ಅಂದರು: "ಅಂಗಾರೆ ಸುಮ್ಸುಮ್ನೆ ಕಿತ್ಬುಟ್ಟೆ ನಾನು. ನಿಮ್ಮಪ್ಪ ಮಡಗ್ ಹೋಗಿದ್ ಮರಾನ."

ಹೌದು ಎನ್ನುವುದು ಸುಲಭವಿತ್ತು. ಅಲ್ಲ ಎಂದರೆ ಸುಳ್ಳಾಗುತ್ತಿತ್ತು. ಸುಮನಾ ಅತ್ತೆಯ ಕೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಸೊಪ್ಪು ಕೊಯ್ದು ಕೊಯ್ದು ಬೆರಳ ತುದಿಯೆಲ್ಲ ಕಪ್ಪಾಗಿತ್ತು. "ಇವತ್ತು ಸಂಜೆ ನಾನು ಸಿಂಪಡಿಸ್ತೀನಿ," ಎಂದಳು. "ನೀವು ಕಾಫಿ ಮಾಡಿ."

ರೋಹಿಣಿ ಮಳೆ ಎರಡು ಸಲ ಚೆನ್ನಾಗಿ ಸುರಿಯಿತು. ಆಕಾಶದ ನೀರಿಗಿಂತ ಒಳ್ಳೆಯದು ಎಲೆಗೆ ಬೇರೆ ಇಲ್ಲ ಎಂದು ಇದ್ರೀಸ್ ಹೇಳಿದ್ದರಿಂದ ದೊಡ್ಡಲಕ್ಷ್ಮಮ್ಮ ಮಳೆ ಬಂದಾಗ ಚಪ್ಪರದ ಗರಿಗಳನ್ನು ಸರಿಸಿ, ನಿಂತ ಮೇಲೆ ಮತ್ತೆ ಮುಚ್ಚುತ್ತಿದ್ದರು. ಒಂದು ಬೆಳಿಗ್ಗೆ ಸುಮನಾ ಸಿರಿಗೆ ಮಾತ್ರೆ ನುಂಗಿಸುತ್ತಿದ್ದಾಗ ಫೋನು ಬಂತು. ದೇವರಾಜನ ಫೋನಿಗಲ್ಲ, ಅವಳ ಫೋನಿಗೇ.

"ಸುಮನಾ, ಚಿಗುರೈತೆ ಕಣವ್ವಾ! ಬಂದ್ ನೋಡು. ಒಣಗೋಗೈತೆ ಅಂದಿದ್ಯಲ್ಲ, ಆ ಬಡಗಲ ರೆಂಬೆ, ಅದ್ರಾಗೇ. ಕೆಂಪಗೆ, ಇಲಿ ಕಿವಿ ಇದ್ದಂಗೈತೆ."

"ಮುಟ್ಬೇಡಿ ಅತ್ತೆ!"

"ನಾನ್ಯಾಕ್ ಮುಟ್ಲಿ? ನಾನಿಲ್ಲೇ ಆರಡಿ ದೂರ ನಿಂತಿವ್ನಿ."

ಇದ್ರೀಸ್ ಬಂದು ನೋಡಿದರು. ಬುಡವನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲಿಲ್ಲ, ಮಣ್ಣನ್ನು ಹಿಡಿದಿತ್ತು. ಇನ್ನು ಬುಡಕ್ಕೂ ಒಂದಿಷ್ಟು ನೀರು ಕೊಡಬಹುದು ಎಂದರು. ತಟ್ಟೆಗೆ ಯಾವಾಗ ಎತ್ತುವುದು ಎಂದು ಸುಮನಾ ಕೇಳಿದಾಗ ಅವರು ಗಡ್ಡ ಸವರಿಕೊಂಡು ಹೇಳಿದರು: "ಅವಸರ ಯಾಕಮ್ಮ? ಬುಡ ದಪ್ಪ ಆಗ್ಲಿ ಅಂತ ನಿಮ್ಮಪ್ಪಾಜೀನೇ ಎಷ್ಟೋ ಮರಾನ ನಾಲ್ಕೈದು ವರ್ಷ ನೆಲಕ್ಕೆ ಹಾಕಿ ಆಮೇಲೆ ಎತ್ತುತ್ತಿದ್ರು. ನನ್ನ ನರ್ಸರಿ ಹಿಂದುಗಡೆ ಅವರು ಹಾಕಿದ್ದ ಸಾಲೇ ಇತ್ತು. ಇದೂ ಹಂಗೇ ಇರ್ಲಿ."

ಸುಮನಾ ಅತ್ತೆಯ ಕಡೆ ನೋಡಿದಳು. ಅತ್ತೆ ಚಪ್ಪರದ ಗೂಟವನ್ನು ಸುಮ್ಮನೆ ಸರಿಮಾಡುತ್ತಿದ್ದರು.

"ಹಾಗಾದ್ರೆ ಇಲ್ಲೇ ಇರ್ಲಿ ಅಂಕಲ್," ಎಂದಳು.

ಇದೆಲ್ಲ ಆಗಿ ಒಂದು ವರ್ಷ ಕಳೆದಿದೆ. ಈ ಮಳೆಗಾಲದ ಹೊತ್ತಿಗೆ ಸಿರಿಯನ್ನು ನೋಡಿದವರು ಇನ್ನೊಮ್ಮೆ ತಿರುಗಿ ನೋಡುತ್ತಾರೆ. ಭಾನುಪ್ರಿಯಳನ್ನು ಇನ್ನೂ ಹಿಡಿದಿಲ್ಲ, ಆದರೆ ಇಬ್ಬರೂ ಬದುವಿನ ಮೇಲೆ ಪಂದ್ಯ ಕಟ್ಟಿ ಓಡುತ್ತಾರೆ, ಒಮ್ಮೊಮ್ಮೆ ಸಿರಿಯೇ ಮುಂದಿರುತ್ತಾಳೆ. ಹುಣಸೆ ಅವಳ ಸೊಂಟದವರೆಗೆ ಬಂದಿದೆ. ಆಕಾರ ಕೆಟ್ಟು ಎಲ್ಲ ಕಡೆಗೂ ಕೈ ಚಾಚಿದೆ. ಹೋದ ಭಾನುವಾರ ಸುಮನಾ ಅಪ್ಪನ ಕತ್ತರಿ ತೆಗೆದುಕೊಂಡು ಕೂಟಗಲ್ಲಿಗೆ ಬಂದಳು.

"ಕುಯ್ಲೇಬೇಕಾ?" ಎಂದರು ದೊಡ್ಡಲಕ್ಷ್ಮಮ್ಮ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು.

"ಹಿಪ್ಪುನೇರಳೆ ನೀವು ವರ್ಷಕ್ಕೆ ಎಷ್ಟು ಸಲ ಕುಯ್ತೀರಿ ಅತ್ತೆ? ಹಂಗೇ ಇದೂ. ಕುಯ್ದ ಕಡೆ ಎರಡು ಚಿಗುರುತ್ತೆ."

ಅತ್ತೆ ಅದನ್ನು ಯೋಚಿಸಿದರು. ಆಮೇಲೆ ಹತ್ತಿರ ಬಂದು, ಸುಮನಾ ಕತ್ತರಿ ಇಟ್ಟ ರೆಂಬೆಯನ್ನು ಕೈಯಲ್ಲಿ ಹಿಡಿದುಕೊಂಡರು.

"ಇದ್ ಬ್ಯಾಡ. ಇದು ಎಲೆ ಉದುರ್ದಾಗ್ಲೂ ಎದೆ ಕೊಟ್ ನಿಂತಿದ್ ರೆಂಬೆ. ಆ ಕಡೇದ್ ಕುಯ್ಯಿ."

"ಆ ಕಡೇದು ಕುಯ್ದ್ರೆ ಒಂದೇ ಕಡೆ ವಾಲಿದಂಗೆ ಕಾಣುತ್ತೆ."

"ವಾಲ್ಲಿ ಬುಡು. ಗಾಳಿಗೆ ನಿಂತ್ ಮರ ವಾಲಾಕಿಲ್ವಾ?"

ಸುಮನಾ ಎರಡು ಹೆಜ್ಜೆ ಹಿಂದೆ ಹೋಗಿ, ಕಣ್ಣು ಕಿರಿದು ಮಾಡಿ ಮರವನ್ನು ನೋಡಿದಳು. ಅತ್ತೆ ಹೇಳಿದ್ದರಲ್ಲಿ ಅರ್ಥವಿತ್ತು. ಸ್ವಲ್ಪ ವಾಲಿದರೆ ನಿಜವಾಗಿ ಚೆನ್ನಾಗಿಯೇ ಕಾಣುತ್ತಿತ್ತು. ಅವಳು ಆ ಕಡೆಗೆ ಹೋಗಿ ಕೂತು, ಕತ್ತರಿ ತೆರೆದು, "ಇಲ್ಲೇನಾ? ಇನ್ನೂ ಕೆಳಗಾ?" ಎಂದು ಕೇಳಿದಳು.

"ಒಸಿ ಮೇಲೆ," ಎಂದರು ದೊಡ್ಡಲಕ್ಷ್ಮಮ್ಮ.